ಸುಳಿವಿಲ್ಲದ ಮನೆಗಳು

ಪದಬಂಧವೆಂಬ ವಿನೋದವನ್ನು ಕಾಣದ ವಾಚಕರು ಇಂದು ವಿರಳ. ಪತ್ರಿಕೆಯ ಒಂದು ಮೂಲೆಯಲ್ಲಿ ಕಪ್ಪು ಬಿಳುಪಿನ ಚೌಕವೊಂದು ಇರುವುದು. ಅದರ ಪಕ್ಕದಲ್ಲಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಂದು ಸುಳಿವುಗಳ ಎರಡು ಪಟ್ಟಿಗಳಿರುವುವು. ಸುಳಿವನ್ನು ಓದಿ, ಪದವನ್ನು ಊಹಿಸಿ, ಮನೆಗೊಂದರಂತೆ ಅಕ್ಷರಗಳನ್ನು ತುಂಬುವುದೇ ಆಟ. ಆದರೆ ಈ ಆಟದಲ್ಲಿ ಒಂದು ಪ್ರೌಢವಾದ ಬಗೆಯುಂಟು. ಅದರಲ್ಲಿ ಕೆಲವು ಪದಗಳಿಗೆ ಸುಳಿವೇ ಇರುವುದಿಲ್ಲ. ಅವೆಲ್ಲವೂ ಯಾವುದೋ ಒಂದು ವಸ್ತುವಿಗೆ ಸೇರಿದವು ಎಂದಷ್ಟೇ ಚೌಕದ ಮೇಲೆ ಬರೆದಿರುವುದು. ಆ ವಸ್ತು ಯಾವುದೆಂದೂ ಹೇಳಿರುವುದಿಲ್ಲ. ಇಂತಹ ಚೌಕವನ್ನು ಬಿಡಿಸುವ ಕ್ರಮವನ್ನೂ, ಬಿಡಿಸಿದುದು ಸರಿಯೆಂದು ತಿಳಿಯುವ ಬಗೆಯನ್ನೂ ವಿವರಿಸುವುದು ನಮ್ಮ ಇಂದಿನ ಉದ್ದೇಶ. ಇವೆರಡರಲ್ಲಿ ಎರಡನೆಯದೇ ಹೆಚ್ಚಿನದು ಎಂಬುದನ್ನು ನಾವು ಸ್ವಂತ ತಪ್ಪಿನಿಂದ ಕಲಿತೆವು. ಆ ಕಥೆಯನ್ನು ಮುಂದೆ ಹೇಳುವೆವು.

ಮೊದಲು ಆಟದ ಹುಟ್ಟನ್ನು ಎರಡು ಮಾತಿನಲ್ಲಿ ನೋಡೋಣ. ಈಗಿನ ರೂಪದ ಪದಬಂಧವು ೧೯೧೩ನೆಯ ಇಸವಿ ಡಿಸೆಂಬರ್ ೨೧ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಚಿಸಿದವನು ಆರ್ಥರ್ ವಿನ್. ಅಲ್ಲಿ ಸುಳಿವೆಂದರೆ ಪದದ ನೇರವಾದ ಅರ್ಥ. ಆಟವು ಇಂಗ್ಲೆಂಡಿಗೆ ಹೋದ ಮೇಲೆ ಸುಳಿವು ವಕ್ರವಾಯಿತು. ಟಾರ್ಕ್ವೆಮಾಡ ಎಂಬ ಗುಪ್ತನಾಮದ ಕವಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ೧೯೨೬ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಗೂಢವಾದ ಚೌಕಗಳನ್ನು ಕಟ್ಟತೊಡಗಿದನು. ರೇಡಿಯೋ ಭಾಷಣಗಳನ್ನು ಅಚ್ಚುಮಾಡುವುದಕ್ಕಾಗಿ ಬ್ರಿಟಿಷ್ ಪ್ರಸಾರ ಸಂಸ್ಥೆಯು ೧೯೨೯ರಲ್ಲಿ ಹೊರಡಿಸಿದ ‘ಲಿಸನರ್’ ಪತ್ರಿಕೆಯು ೧೯೩೦ನೆಯ ಏಪ್ರಿಲ್ ೨ರಿಂದ ಒಂದು ಪದಬಂಧವನ್ನೂ ಹಾಕಿತು. ವಸ್ತುವನ್ನು ಮರೆಸಿಟ್ಟು ಸುಳಿವಿಲ್ಲದ ಪದಗಳನ್ನು ಹೆಣೆಯುವ ಪದ್ಧತಿಗೆ ಹೆಸರಾದುದು ಆ ಪದಬಂಧವೇ. ೧೯೯೧ರಲ್ಲಿ ಪತ್ರಿಕೆಯು ನಿಂತಿತು. ಪದಬಂಧವು ನಿಲ್ಲದೆ ‘ಟೈಮ್ಸ್’ ಪತ್ರಿಕೆಗೆ ವಲಸೆಹೋಯಿತು.

ಕನ್ನಡದಲ್ಲಿ ಈ ಆಟಕ್ಕೆ ಅಪಾರವಾದ ಸೇವೆಯನ್ನು ಸಲ್ಲಿಸಿದವರು ನಮ್ಮ ಕೋಲಾರದ ಸೀಮೆಯವರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಶ್ರೀ ಅ. ನಾ. ಪ್ರಹ್ಲಾದರಾವ್ ಅವರು ೧೯೫೩ರಲ್ಲಿ ಜನಿಸಿದುದು ಕೋಲಾರ ಜಿಲ್ಲೆಯ ಅಬ್ಬಣಿ ಗ್ರಾಮದಲ್ಲಿ. ಅವರು ರಚಿಸಿದ ಕನ್ನಡ ಪದಬಂಧಗಳ ಸಂಖ್ಯೆ ೪೦,೦೦೦ವನ್ನು ಮೀರಿದೆ. ಚಲನಚಿತ್ರವೊಂದನ್ನೇ ವಸ್ತುವಾಗಿ ಉಳ್ಳ ಚೌಕಗಳೂ ಅವುಗಳಲ್ಲಿ ಸೇರಿವೆ. ಹೀಗೆ, ವಸ್ತುವುಳ್ಳ ಪದಬಂಧವು ಕನ್ನಡಿಗರಿಗೆ ಹೊಸದಲ್ಲ. ವಸ್ತುವನ್ನು ಹೇಳದೆ ಬಚ್ಚಿಡುವುದು ಅದರ ಮುಂದಿನ ಮೆಟ್ಟಲು.

ಇನ್ನು ಗೂಢವಾದ ಸುಳಿವಿನ ಲಕ್ಷಣ. ಅದರಲ್ಲಿ ಎರಡು ಅಂಗಗಳಿರುವುವು. ಒಂದು, ಉತ್ತರದ ಅರ್ಥ. ಮತ್ತೊಂದು, ಉತ್ತರದ ಅಕ್ಷರಗಳನ್ನು ಪಡೆಯುವ ಉಪಾಯ. ಇವೆರಡನ್ನೂ ಹೊಲಿಗೆ ಕಾಣದಂತೆ ಸೇರಿಸಿ, ಬೇರೆಯೇ ಒಂದು ಚಿತ್ರವು ಮನಸ್ಸಿಗೆ ಬರುವಂತೆ ರಚಕನು ವಾಕ್ಯವನ್ನು ಕಟ್ಟುವನು. ಇಂಗ್ಲಿಷಿನಲ್ಲಿ ಮನೆಗೊಂದು ಲಿಪಿಯಾದರೆ ಕನ್ನಡದಲ್ಲಿ ಮನೆಗೊಂದು ಅಕ್ಷರ. ಕಾಗುಣಿತ, ಒತ್ತು, ಸೊನ್ನೆಗಳೆಲ್ಲ ಆ ಒಂದೇ ಮನೆಯಲ್ಲಿ ವಾಸಮಾಡುವುವು. ‘ಶ್ರೀನಿವಾಸಪುರ’ಕ್ಕೆ ಆರು ಮನೆಗಳು ಸಾಕು, ‘ಮುಳಬಾಗಿಲು’ ಐದರಲ್ಲಿ ಅಡಗುವುದು.

ನಾವು ಕಟ್ಟಿದ ಕೆಲವು ಸುಳಿವುಗಳನ್ನು ಉದಾಹರಣೆಗೆ ಕೊಡುವೆವು. ಕಂಸದಲ್ಲಿರುವುದು ಮನೆಗಳ ಸಂಖ್ಯೆ.

‘ಹೊಸದು ಹಿಂದುಮುಂದಾಗಲು ಕಾಡು (೨).’ ಹೊಸದು ಎಂದರೆ ನವ. ಅದನ್ನು ತಿರುಗಿಸಿದರೆ ವನ. ವನವೆಂದರೆ ಕಾಡು. ಇದು ವಿಲೋಮ.

‘ಮದನನು ಕದಡಲು ನಿಗ್ರಹ (೩).’ ಇಲ್ಲಿ ಕದಡಬೇಕಾದುದು ಮನ್ಮಥನ ಮನಸ್ಸಲ್ಲ, ಮದನ ಎಂಬ ಮೂರು ಅಕ್ಷರಗಳು. ಅವನ್ನು ಸ್ಥಾನಪಲ್ಲಟ ಮಾಡಿದರೆ ದಮನ, ಅದೇ ನಿಗ್ರಹ.

‘ಸರಕು ಸೇರಿದ ಹಳ್ಳಿಯೇ ತಾಲ್ಲೂಕಿನ ಪಟ್ಟಣ (೩).’ ಸರಕು ಮಾಲು, ಹಳ್ಳಿ ಊರು. ಎರಡೂ ಸೇರಿ ಲೋಪಸಂಧಿಯಾದರೆ ಮಾಲೂರು. ಆ ಪಟ್ಟಣಕ್ಕೆ ಹೆಸರು ಬಂದುದು ಹೀಗೆ ಎಂದು ಯಾರೂ ತಿಳಿಯಬಾರದು. ಇದು ಆಟ, ಸ್ಥಳಪುರಾಣವಲ್ಲ.

‘ದೊರೆ ಹುಡುಕು (೩).’ ಇಲ್ಲಿ ಎರಡೂ ಅರ್ಥವೇ. ಅರಸು ಎಂದರೆ ದೊರೆ. ಅರಸು ಎಂದರೆ ಹುಡುಕು.

‘ಲೋಕವಿಡೀ ಅಡಗಿಸಿಕೊಂಡ ಕಾವ್ಯಕರ್ತ (೨).’ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಲೋಕವೆಲ್ಲವನ್ನೂ ತನ್ನೊಳಗೆ ಇರಿಸಿಕೊಂಡ ಮಹಾಕವಿಯೊಬ್ಬನು ಮೊದಲು ಕಣ್ಣಿಗೆ ಕಾಣುವನು. ಆದರೆ ‘ಲೋಕವಿಡೀ’ ಎಂಬ ಅಕ್ಷರಸಮೂಹವನ್ನೇ ನೋಡಿದರೆ ಅದರ ನಡುವೆ ಕ, ವಿ ಎಂಬೆರಡು ಕುಳಿತಿರುವುವು. ಕವಿಯು ಲೋಕವನ್ನು ಅಡಗಿಸಿಕೊಂಡಿಲ್ಲ; ‘ಲೋಕವಿಡೀ’ ಎಂಬುದೇ ಕವಿಯನ್ನು ಅಡಗಿಸಿಕೊಂಡಿದೆ. ಈ ದ್ವಂದ್ವವು ನಮ್ಮ ವ್ಯಾಕರಣದಿಂದಲೇ ಬಂದುದು. ‘ಹುಲಿ ಕೊಂದ ಬೇಟೆಗಾರ’ ಎಂದರೆ ಸತ್ತುದು ಹುಲಿಯೋ ಬೇಟೆಗಾರನೋ? ವಿಭಕ್ತಿಪ್ರತ್ಯಯವು ಲೋಪವಾದಾಗ ಕನ್ನಡದ ಕೃದಂತವು ಎರಡು ಕಡೆಗೂ ಮುಖ ತೋರುವುದು. ಮೇಲಾಗಿ, ಲೋಕ ಮತ್ತು ಇಡೀ ಎಂಬವುಗಳ ನಡುವೆ ವಕಾರವು ಆಗಮವಾಗದಿದ್ದರೆ ಆ ಕವಿಯು ಹುಟ್ಟುತ್ತಲೇ ಇರಲಿಲ್ಲ. ಪರದೇಶದ ಈ ಆಟವು ಕನ್ನಡಕ್ಕೆ ಒಗ್ಗಲಾರದೆಂದು ಹೇಳುವವರು ಈ ಒಂದು ಉದಾಹರಣೆಯನ್ನು ಗಮನಿಸಬೇಕು.

ನಿಜವಾಗಿ ನೋಡಿದರೆ ಈ ಉಪಾಯಗಳು ನಮ್ಮವರಿಗೆ ಬಹು ಹಿಂದೆಯೇ ತಿಳಿದಿದ್ದುವು. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಹೆಸರಿಸುತ್ತಾನೆ. ಪದಗಳ ಸಂಧಿಯಿಂದ ಅರ್ಥವು ಮರೆಯಾದರೆ ಅದು ಸಮಾಗತಾ. ಬೇರೆ ಅರ್ಥದಲ್ಲಿ ರೂಢವಾದ ಪದದಿಂದ ಕೇಳುವವನನ್ನು ಮೋಸಗೊಳಿಸಿದರೆ ಅದು ವಂಚಿತಾ. ನಮ್ಮ ‘ಮಾಲೂರು’ ಮೊದಲನೆಯದಕ್ಕೆ ಸಮೀಪವಾದುದು, ‘ಅರಸು’ ಎರಡನೆಯದಕ್ಕೆ. ಅಕ್ಷರವನ್ನೋ ಬಿಂದುವನ್ನೋ ಕಳೆದು ಬೇರೆ ಪದವನ್ನು ಪಡೆಯುವ ಚ್ಯುತಕಗಳೂ ಹಳೆಯವೇ. ವಂಶವು ಸೊನ್ನೆಯನ್ನು ಕಳೆದುಕೊಂಡರೆ ವಶವಾಗುವುದು. ಇನ್ನು ಕನಕದಾಸರ ಮುಂಡಿಗೆಗಳನ್ನು ಕೇಳದ ಕನ್ನಡಿಗನಿಲ್ಲ. ಅಲ್ಲಿ ಮಾತಿನ ಹೊರಗಿನ ಚಿತ್ರ ಒಂದು, ಒಳಗಿನ ತಾತ್ಪರ್ಯ ಮತ್ತೊಂದು.

ಈಗ ಪ್ರಕೃತ ವಿಷಯಕ್ಕೆ ಬರೋಣ. ಸುಳಿವಿಲ್ಲದ ಪದವನ್ನು ಕಂಡುಹಿಡಿಯುವುದಕ್ಕೆ ನಮಗಿರುವ ಆಧಾರಗಳು ಮೂರು. ಮೊದಲನೆಯದು, ಅಡ್ಡಹಾಯುವ ಪದಗಳು. ಸುಳಿವುಳ್ಳ ಪದವೊಂದು ಆ ಮನೆಯ ಮೇಲೆ ಹಾದುಹೋಗಿದ್ದರೆ ಒಂದು ಅಕ್ಷರವು ಉಚಿತವಾಗಿ ದೊರೆಯುವುದು. ಎರಡನೆಯದು, ಮನೆಗಳ ಸಂಖ್ಯೆ. ಮೂರನೆಯದು, ವಸ್ತು, ಇಂತಹ ಎರಡು ಪದಗಳು ತಿಳಿದರೆ ಅವುಗಳ ಸಾಮ್ಯದಿಂದ ಉಳಿದವನ್ನು ಊಹಿಸಬಹುದು. ಮೊದಲನೆಯ ಎರಡು ಆಧಾರಗಳು ಚೌಕದಲ್ಲಿರುವುವು. ಮೂರನೆಯದು ನಮ್ಮ ತಲೆಯಲ್ಲಿರುವುದು. ಅಪಾಯವಿರುವುದು ಇಲ್ಲಿಯೇ.

ನಾವು ನಾಲ್ವರು ಮಿತ್ರರು ಭಾನುವಾರದ ಸಂಜೆ ಕೋಲಾರದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಸೇರುವ ರೂಢಿ. ಒಬ್ಬರು ಮಾಲೂರಿನವರು, ಒಬ್ಬರು ಮುಳಬಾಗಿಲಿನವರು, ಮತ್ತೊಬ್ಬರು ಶ್ರೀನಿವಾಸಪುರದಲ್ಲಿ ಉಪಾಧ್ಯಾಯರು. ಮಾವಿನ ಕಾಲದಲ್ಲಿ ಈ ಕೊನೆಯವರು ಬರಿಗೈಯಲ್ಲಿ ಬರುವುದಿಲ್ಲವಾದ್ದರಿಂದ ಅವರಿಗೆ ನಮ್ಮಲ್ಲಿ ವಿಶೇಷ ಗೌರವ. ಒಂದು ಸಂಜೆ ಅವರು ಹಣ್ಣಿನ ಬುಟ್ಟಿಯೊಡನೆ, ತಾವೇ ಗೆರೆಯೆಳೆದು ಬರೆದ ಚೌಕವೊಂದನ್ನೂ ತಂದರು. ಅದರ ಮೇಲೆ ಹೀಗೆ ಬರೆದಿತ್ತು: ಸುಳಿವಿಲ್ಲದ ನಾಲ್ಕು ಪದಗಳು ಒಂದೇ ವರ್ಗದವು; ಗೆರೆಯಿಟ್ಟ ಮೂರು ಮನೆಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಅವು ದೊರೆಯುವ ಊರು ತಿಳಿಯುವುದು. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಪುಸ್ತಕವನ್ನು ಹಿಂದಿರುಗಿಸಲು ಬಂದಿದ್ದನು. ಅವನನ್ನೂ ಕೂರಿಸಿಕೊಂಡೆವು.

ಮೇಲೆ ಕೊಟ್ಟ ಸುಳಿವುಗಳನ್ನು ಹೋಲುವ ಹಲವು ಸುಳಿವುಗಳು ಬೇಗನೆ ಬಿಚ್ಚಿಕೊಂಡುವು. ಅವುಗಳ ನೆರವಿನಿಂದ ಸುಳಿವಿಲ್ಲದ ಮೊದಲನೆಯ ಪದದ ಮೂರು ಮನೆಗಳೂ ತುಂಬಿದುವು. ಅದು ‘ಕನಕ’. ಮುಳಬಾಗಿಲಿನ ಮಿತ್ರರು ಒಡನೆಯೇ, “ದಾಸರು! ಸಂಶಯವೇ ಇಲ್ಲ,” ಎಂದರು. ಅವರ ಊರಿನ ಸಮೀಪದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ. ಶ್ರೀಪಾದರಾಜರ ಶಿಷ್ಯರು ವ್ಯಾಸರಾಯರು. ವ್ಯಾಸರಾಯರ ಶಿಷ್ಯರು ಪುರಂದರದಾಸರು, ಕನಕದಾಸರು. ನಮ್ಮ ಜಿಲ್ಲೆಯ ಚೌಕಕ್ಕೆ ಇದಕ್ಕಿಂತ ಯೋಗ್ಯವಾದ ವಸ್ತು ಯಾವುದು? ನಾವೆಲ್ಲರೂ ಒಪ್ಪಿದೆವು. ಎರಡನೆಯ ಪದಕ್ಕೂ ಮೂರು ಮನೆಗಳು. ಕೊನೆಯ ಅಕ್ಷರ ‘ನ’ ಎಂದು ತಿಳಿದಿತ್ತು. ನಡುವಿನ ಮನೆಗೆ ಅಡ್ಡಹಾಯುವ ಪದವಿರಲಿಲ್ಲ. ವಿಜಯದಾಸರ ಶಿಷ್ಯರಲ್ಲಿ ಮೋಹನದಾಸರು ಎಂಬವರಿದ್ದರು. ‘ಮೋಹನ’ ಎಂದು ಬರೆದೆವು.

ಹಾಗೆ ಬರೆದ ಮೇಲೆ ಮೊದಲ ಮನೆಯಿಂದ ಕೆಳಕ್ಕಿಳಿಯುವ ಎರಡಕ್ಷರದ ಪದವು ‘ಮೋ’ ಎಂದು ಆರಂಭವಾಗಬೇಕಾಯಿತು. ಅದರ ಎರಡನೆಯ ಅಕ್ಷರ ‘ತಿ’. ಸುಳಿವು ಹೀಗಿತ್ತು: ‘ರಕಾರ ಕಳೆದ ಬಂಡಾಯ ಹೊಳಪು (೨).’ ಮಾಲೂರಿನ ಮಿತ್ರರು, “ಮೋತಿ ಎಂದರೆ ಮುತ್ತಲ್ಲವೇ? ಮುತ್ತು ಹೊಳೆಯುತ್ತದೆ,” ಎಂದರು. ನಾವು ಅದನ್ನೂ ಬರೆದೆವು. ಆಗ ಆ ವಿದ್ಯಾರ್ಥಿಯು ಸಂಕೋಚದಿಂದ, “ಸಾರ್, ಹಾಗಾದರೆ ರಕಾರ ಎಲ್ಲಿ ಹೋಯಿತು? ಬಂಡಾಯಕ್ಕೆ ಏನರ್ಥ?” ಎಂದು ಕೇಳಿದನು. ನಾವು, “ಸುಳಿವಿನಲ್ಲಿ ಅಲಂಕಾರಕ್ಕಾಗಿಯೂ ಕೆಲವು ಮಾತುಗಳಿರುತ್ತವಪ್ಪ,” ಎಂದು ಉತ್ತರಕೊಟ್ಟೆವು. ಅವನು ಸುಮ್ಮನಾದನು. ಚೌಕವನ್ನು ಕಟ್ಟಿದವರು ಮಾವಿನಹಣ್ಣನ್ನು ಹೆಚ್ಚುತ್ತ, ಮುಖದಲ್ಲಿ ಏನನ್ನೂ ತೋರದೆ ಕುಳಿತಿದ್ದರು.

ಮೂರನೆಯ ಪದದ ಮೊದಲ ಅಕ್ಷರ ‘ಸು’. ದಾಸಸಾಹಿತ್ಯವನ್ನೆಲ್ಲ ಜಾಲಾಡಿದರೂ ಮೂರು ಮನೆಗೆ ಹಿಡಿಸುವ ಹೆಸರು ಬರಲಿಲ್ಲ. ನಾಲ್ಕನೆಯದರ ಮೊದಲ ಅಕ್ಷರವು ‘ಹಿಮ ಹೊರಳಲು ಭೂಮಿ (೨)’ ಎಂಬ ಸುಳಿವಿನಿಂದ ಬಂದಿತು. ಹಿಮ ತಿರುಗಿದರೆ ಮಹಿ, ಆದುದರಿಂದ ‘ಹಿ’. ಹಿಕಾರದಿಂದ ಆರಂಭವಾಗುವ ದಾಸರು ಯಾರು? ನಾವು ತಿಳಿಯದ ದಾಸರು ಇನ್ನೂ ಇದ್ದಿರಬೇಕೆಂದು ಹೇಳಿಕೊಂಡೆವು. ನಮ್ಮ ಊಹೆ ತಪ್ಪಿರಬಹುದೆಂಬ ಯೋಚನೆಗಿಂತ, ಯಾರೂ ಕೇಳದ ಇಬ್ಬರು ದಾಸರನ್ನು ಹೊಸದಾಗಿ ಸೃಷ್ಟಿಸುವುದು ನಮಗೆ ಸುಲಭವಾಗಿ ತೋರಿತು.

ದೀಪ ಹಚ್ಚುವ ಹೊತ್ತಿಗೆ ಆ ವಿದ್ಯಾರ್ಥಿಯು ಮತ್ತೆ ಬಾಯಿಬಿಟ್ಟನು. “ಬಂಡಾಯ ಎಂದರೆ ಕ್ರಾಂತಿ, ಸಾರ್. ಅದರಲ್ಲಿ ರಕಾರವನ್ನು ತೆಗೆದರೆ ಕಾಂತಿ. ಕಾಂತಿಯೇ ಹೊಳಪು. ಎಲ್ಲ ಮಾತಿಗೂ ಲೆಕ್ಕ ಸಿಕ್ಕಿತು.” ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ‘ಮೋ’ ಹೋಗಿ ‘ಕಾಂ’ ಬಂದರೆ ಎರಡನೆಯ ಪದವು ‘ಮೋಹನ’ವಲ್ಲ, ‘ಕಾಂಚನ’. ಕನಕ, ಕಾಂಚನ. ‘ಸು’ ಎಂಬುದು ಸುವರ್ಣ. ‘ಹಿ’ ಎಂಬುದು ಹಿರಣ್ಯ. ಗೆರೆಯಿಟ್ಟ ಮನೆಗಳಲ್ಲಿ ಮೊದಲ ಎರಡು ‘ಚಕೋರ’, ‘ವಿಲಾಸ’ ಎಂಬ ಪದಗಳ ನಡುವಿನವು; ಮೂರನೆಯದು ‘ಹಿರಣ್ಯ’ದ ನಡುವಿನದು. ಮೇಲಿನಿಂದ ಓದಿದರೆ ಕೋ, ಲಾ, ರ.

ಚಿನ್ನದ ಸೀಮೆಯಲ್ಲಿ ಕುಳಿತು ನಾವು ಚಿನ್ನವನ್ನು ಕಾಣಲಿಲ್ಲ. ಜಾನ್ ಟೇಲರ್ ಕಂಪೆನಿಯು ೧೮೮೦ರಲ್ಲಿ ಕೈಹಾಕಿದ ಕೋಲಾರದ ಗಣಿಗಳು, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ತರಿಸಿಕೊಂಡು, ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು, ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದುವು. ಆ ವಿದ್ಯಾರ್ಥಿಯ ತಾತನು ಆ ಗಣಿಯಲ್ಲಿ ಇಳಿದು ದುಡಿದವನೆಂದು ನಮಗೆ ಅಂದು ತಿಳಿಯಿತು. ಹಾಗಾದರೆ ಚಿನ್ನವೆಂದು ಮೊದಲೇ ಹೊಳೆದಿರಬೇಕಲ್ಲ ಎಂದು ನಾವು ಕೇಳಿದೆವು. “ಕನಕ ಎಂದು ಬಂದಾಗಲೇ ಹೊಳೆಯಿತು, ಸಾರ್. ಆದರೆ ಹೊಳೆದ ಮಾತ್ರಕ್ಕೆ ಹೇಳುವುದು ಹೇಗೆ? ಕಾಂತಿ ಬರುವವರೆಗೆ ಕಾದೆ,” ಎಂದನು. ನಮಗೂ ಒಂದು ವಸ್ತು ಹೊಳೆದಿತ್ತು, ಅವನಿಗೂ ಒಂದು ಹೊಳೆದಿತ್ತು. ನಾವು ಅದನ್ನು ಬರೆದೆವು. ಅವನು ಅದನ್ನು ಪರೀಕ್ಷಿಸಿದನು. ನಾವು ಇಪ್ಪತ್ತು ವರ್ಷಗಳಿಂದ ಪಾಠಹೇಳುವವರು. ಅವನು ನಮ್ಮಲ್ಲಿ ಪಾಠಕೇಳುವವನು. ಅವನ ಪ್ರಶ್ನೆಯನ್ನು ಅಲಂಕಾರವೆಂದು ತಳ್ಳಿಹಾಕಿದುದು ನಮಗೆ ಇಂದಿಗೂ ನಾಚಿಕೆಯ ವಿಷಯ.

ಈ ಪ್ರಸಂಗದಿಂದ ದೊರೆಯುವ ನಿಯಮಗಳನ್ನು ಕ್ರಮವಾಗಿ ಹೇಳುವೆವು. ಒಳ್ಳೆಯ ಸುಳಿವಿನಲ್ಲಿ ವ್ಯರ್ಥವಾದ ಮಾತಿಲ್ಲ. ಒಂದು ಮಾತಿಗೆ ಲೆಕ್ಕ ಸಿಕ್ಕದಿದ್ದರೆ ಉತ್ತರವು ತಪ್ಪೆಂದೇ ತಿಳಿಯಬೇಕು. ವಸ್ತುವನ್ನು ಒಂದು ಪದದಿಂದ ಊಹಿಸಬಹುದು, ಆದರೆ ಒಂದೇ ಪದದಿಂದ ನಿಶ್ಚಯಿಸಬಾರದು; ಕನಕವು ದಾಸರ ಹೆಸರೂ ಹೌದು, ಲೋಹದ ಹೆಸರೂ ಹೌದು. ಊಹೆಯಿಂದ ಬರೆದ ಅಕ್ಷರವನ್ನು ಸೀಸದಕಡ್ಡಿಯಲ್ಲಿ ಬರೆಯಬೇಕು. ಅದನ್ನು ಆಧಾರಮಾಡಿಕೊಂಡು ಮತ್ತೊಂದು ಊಹೆಯನ್ನು ಕಟ್ಟಬಾರದು. ನಾವು ಮೋಹನವನ್ನು ನಂಬಿ ಮೋತಿಯನ್ನು ಬರೆದೆವು, ಅನಂತರ ಮೋತಿ ಬಂದಿತೆಂದು ಮೋಹನವನ್ನು ನಂಬಿದೆವು. ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಂತಾಯಿತು. ಕೊನೆಯದಾಗಿ, ಸರಿಯಾದ ವಸ್ತುವು ತಾನು ಬಂದ ದಾರಿಯಲ್ಲದೆ ಬೇರೊಂದು ದಾರಿಯಿಂದಲೂ ಸಾಕ್ಷಿಯನ್ನು ತರುವುದು. ಗೆರೆಯಿಟ್ಟ ಮನೆಗಳಲ್ಲಿ ಕೋಲಾರವು ಮೂಡಿದಾಗ ಆ ಸಾಕ್ಷಿ ದೊರೆಯಿತು. ಉತ್ತರವು ಮುಂದಿನ ವಾರ ಅಚ್ಚಾಗುವವರೆಗೆ ಕಾಯಬೇಕಾದ ಅಗತ್ಯವೇ ಇಲ್ಲ.

ಈ ಮಾತು ಕೇವಲ ವಿನೋದಕ್ಕೆ ಸಂಬಂಧಿಸಿದುದಲ್ಲ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೇ ಒಮ್ಮೆ ಪದಬಂಧದ ಬಹುಮಾನಸ್ಪರ್ಧೆಗಳನ್ನು ವಿಚಾರಿಸಬೇಕಾಯಿತು. ಬೆಂಗಳೂರಿನಲ್ಲಿ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಆರ್. ಎಂ. ಡಿ. ಸಿ. ಪದಬಂಧಗಳೆಂಬ ಸ್ಪರ್ಧೆಗಳು ನಡೆಯುತ್ತಿದ್ದುವು. ಮುಂಬಯಿ ಪ್ರಾಂತದಿಂದಲೂ ಜನರು ಹಣಕಟ್ಟಿ ಉತ್ತರಗಳನ್ನು ಕಳುಹುತ್ತಿದ್ದರು. ಇಂತಹ ಬಹುಮಾನಸ್ಪರ್ಧೆಗಳನ್ನು ೧೯೫೫ರ ಕೇಂದ್ರ ಶಾಸನವು ನಿಯಂತ್ರಿಸಿತು: ತಿಂಗಳಿಗೆ ಬಹುಮಾನವು ೧,೦೦೦ ರೂಪಾಯಿಗಳನ್ನು ಮೀರಕೂಡದು, ಸ್ಪರ್ಧೆಗೆ ಬರುವ ಉತ್ತರಪತ್ರಗಳು ೨,೦೦೦ವನ್ನು ಮೀರಕೂಡದು. ೧೯೫೭ನೆಯ ಏಪ್ರಿಲ್ ೯ರಂದು ನ್ಯಾಯಾಲಯವು ಕೊಟ್ಟ ತೀರ್ಪುಗಳ ಸಾರವಿಷ್ಟು: ಗೆಲುವು ಬಹ್ವಂಶ ಬುದ್ಧಿಕೌಶಲವನ್ನು ಅವಲಂಬಿಸದೆ ಅದೃಷ್ಟವನ್ನು ಅವಲಂಬಿಸಿದ್ದರೆ ಅದು ಜೂಜು; ಜೂಜಿಗೆ ವ್ಯಾಪಾರದ ಹಕ್ಕಿನ ರಕ್ಷಣೆಯಿಲ್ಲ.

ಕೌಶಲಕ್ಕೂ ಅದೃಷ್ಟಕ್ಕೂ ಇರುವ ಗಡಿಯನ್ನು ಚೌಕದ ಭಾಷೆಯಲ್ಲಿ ಹೀಗೆ ಹೇಳಬಹುದು. ಒಂದೇ ಸುಳಿವಿಗೆ ಎರಡು ಪದಗಳು ಸಮವಾಗಿ ಹೊಂದಿ, ಅವುಗಳಲ್ಲಿ ಒಂದನ್ನು ಲಕೋಟೆಯೊಳಗೆ ಮುಚ್ಚಿಟ್ಟಿದ್ದರೆ ಬಿಡಿಸುವವನು ಪಣವೊಡ್ಡುತ್ತಾನೆ. ಒಂದೇ ಪದವು ಹೊಂದುವಂತೆ ಕಟ್ಟಿದ್ದರೆ ಅವನು ಯೋಚಿಸುತ್ತಾನೆ. ಆದರೆ ಬಿಡಿಸುವವನಲ್ಲಿಯೂ ಒಂದು ಕರ್ತವ್ಯವುಂಟು. ಯೋಗ್ಯವಾದ ಚೌಕವನ್ನು ಕೂಡ ಪರೀಕ್ಷೆಯಿಲ್ಲದೆ ತುಂಬಿದರೆ ಅದು ಅವನ ಕೈಯಲ್ಲಿ ಜೂಜೇ ಆಗುವುದು. ಅಂದು ನಮ್ಮ ಜಗಲಿಯಲ್ಲಿ ಮೂವರು ಹಿರಿಯರು ಆಡಿದುದು ಜೂಜು. ಆಟವನ್ನು ಆಡಿದವನು ಆ ಹುಡುಗನೊಬ್ಬನೇ.

ಈಗ ಅವನು ಭಾನುವಾರಗಳಲ್ಲಿ ತಪ್ಪದೆ ಬರುತ್ತಾನೆ. ನಮ್ಮ ಕೈಗೆ ಸೀಸದಕಡ್ಡಿ, ಅವನ ಕೈಗೆ ಮಸಿಯ ಲೇಖನಿ ಎಂದು ಗೊತ್ತುಮಾಡಿದ್ದೇವೆ. ಅವನು “ಲೆಕ್ಕ ಸಿಕ್ಕಿತು, ಸಾರ್,” ಎಂದು ಹೇಳುವವರೆಗೆ ಯಾವ ಮನೆಯ ಮೇಲೂ ಮಸಿ ಬೀಳುವುದಿಲ್ಲ. ವಾಚಕರೂ ತಮ್ಮ ಮನೆಯಲ್ಲಿ ಇಂತಹವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂದಿನ ಚೌಕಕ್ಕೆ ಕೈಹಾಕಲಿ.